ಉದ್ದೇಶ ಮತ್ತು ಪರಿಣಾಮ: 1935ರ ಒಂದು ಶಾಸನ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಾಮಾಜಿಕ ಭದ್ರತಾ ಶಾಸನವು 1935ರಲ್ಲಿ ವೃದ್ಧಾಪ್ಯ ವಿಮೆಯಿಂದ ಕೃಷಿ ಕೂಲಿಗಾರರನ್ನೂ ಮನೆಗೆಲಸದವರನ್ನೂ ಹೊರಗಿರಿಸಿತು. ವರ್ಣಭೇದವನ್ನು ಕಾಯ್ದುಕೊಳ್ಳಬಯಸಿದ ದಕ್ಷಿಣದ ಪ್ರತಿನಿಧಿಗಳ ಒತ್ತಡವೇ ಇದಕ್ಕೆ ಕಾರಣವೆಂದು ಐರಾ ಕ್ಯಾಟ್ಸ್‌ನೆಲ್ಸನ್ನರು ತಮ್ಮ 2005ರ ಗ್ರಂಥದಲ್ಲಿ ವಾದಿಸಿದರು. ಲ್ಯಾರಿ ಡೆವಿಟ್ಟರು 2010ರಲ್ಲಿ ಇದನ್ನು ಅಲ್ಲಗಳೆದರು. ಇಂಥ ದುಡಿಮೆಗಾರರಿಂದ ವೇತನ ತೆರಿಗೆಯನ್ನು ವಸೂಲು ಮಾಡುವುದು ದುಸ್ತರವೆಂದು ಖಜಾನೆಯ ಕಾರ್ಯದರ್ಶಿ ಮಾರ್ಗೆಂಥೋ ಅವರೇ ಹೇಳಿದ್ದರು. ಮೇಲಾಗಿ ಹೊರಗುಳಿದವರಲ್ಲಿ ಬಹುಸಂಖ್ಯಾತರು ಬಿಳಿಯರು. ಇವು ಡೆವಿಟ್ಟರ ಆಧಾರಗಳು.

ಎರಡನೆಯ ಆಧಾರವು ಸಾಲದೆಂದು ನಾವು ಭಾವಿಸುತ್ತೇವೆ. ಲೆಕ್ಕವು ಸುಳ್ಳಲ್ಲ, ಅಳತೆಗೋಲು ಬೇರೆ. 1930ರ ಜನಗಣತಿಯಂತೆ ಈ ಎರಡು ಕಸುಬುಗಳಲ್ಲಿದ್ದವರು ಬಿಳಿಯ ದುಡಿಮೆಗಾರರಲ್ಲಿ ಸುಮಾರು ಶೇ. 27, ಕಪ್ಪು ದುಡಿಮೆಗಾರರಲ್ಲಿ ಸುಮಾರು ಶೇ. 65. ಹೊರಗುಳಿದವರನ್ನು ಎಣಿಸಿದರೆ ಬಿಳಿಯರೇ ಹೆಚ್ಚು. ಯಾವ ಜನಾಂಗಕ್ಕೆ ಪೆಟ್ಟು ಬಲವಾಗಿ ಬಿದ್ದಿತೆಂದು ಕೇಳಿದರೆ ಉತ್ತರವೇ ಬೇರೆ.

ಹಾಗೆಂದು ಪರಿಣಾಮವನ್ನು ಕಂಡು ಉದ್ದೇಶವನ್ನು ನಿಶ್ಚಯಿಸುವುದೂ ಇತಿಹಾಸಕಾರನಿಗೆ ಸಲ್ಲದು. ಅಲ್ಲಿ ಕ್ಯಾಟ್ಸ್‌ನೆಲ್ಸನ್ನರ ವಾದಕ್ಕೆ ಡೆವಿಟ್ಟರು ಒಡ್ಡಿದ ದಾಖಲೆಗಳ ಪರೀಕ್ಷೆ ನ್ಯಾಯವಾದದ್ದೇ. ಆದರೆ ತೆರಿಗೆಯ ಅನುಕೂಲವೆಂಬುದು ಪ್ರಾಮಾಣಿಕವಾದ ಕಾರಣವಾಗಿದ್ದರೂ, ಕಪ್ಪು ಜನರನ್ನು ಹೊಲಕ್ಕೂ ಪರರ ಅಡುಗೆಮನೆಗೂ ಕಟ್ಟಿಹಾಕಿದ್ದ ಸಮಾಜದಲ್ಲಿ ಅದು ನಿಷ್ಪಕ್ಷಪಾತವಾದ ಫಲವನ್ನು ಕೊಡಲು ಸಾಧ್ಯವಿರಲಿಲ್ಲ. 1950 ಮತ್ತು 1954ರ ತಿದ್ದುಪಡಿಗಳು ಇವರಲ್ಲಿ ಹೆಚ್ಚಿನವರನ್ನು ವಿಮೆಯೊಳಕ್ಕೆ ತಂದವು. ದುಸ್ತರವೆನಿಸಿದ್ದು ಅಸಾಧ್ಯವಾಗಿರಲಿಲ್ಲ. ನಡುವಣ ವರ್ಷಗಳಲ್ಲಿ ದುಡಿದು ಮುದುಕರಾದವರಿಗೆ ಮಾತ್ರ ಆ ತಿದ್ದುಪಡಿ ತಡವಾಗಿ ಬಂದಿತು. ಶಾಸನದಲ್ಲಿ ಬಣ್ಣದ ಹೆಸರಿಲ್ಲವೆಂಬುದು ವಿಚಾರಣೆಯ ಆರಂಭವೇ ಹೊರತು ತೀರ್ಪಲ್ಲ.