ನಾದದ ಗುಣದೋಷಪರೀಕ್ಷೆಯೂ ಗಾನದ ಆಸ್ವಾದವೂ

ಗಾನವನ್ನು ಕೇಳುವವರಲ್ಲಿ ಎರಡು ಬಗೆಯುಂಟು. ಒಬ್ಬನು ಗಾನವನ್ನೇ ಕೇಳುವನು. ಇನ್ನೊಬ್ಬನು ಗಾನವನ್ನು ಹೊರಡಿಸುವ ಯಂತ್ರವನ್ನು ಕೇಳುವನು. ಮಂದ್ರವು ತುಂಬಿಬಂದಿತೇ, ತಾರವು ಕರ್ಕಶವಾಯಿತೇ, ತಂಬೂರಿಯು ಎಡದಿಂದ ಕೇಳಿಸಿತೋ ಬಲದಿಂದಲೋ, ಹಿಂದೆ ಏನಾದರೂ ಸದ್ದು ಉಳಿದಿತೋ ಎಂಬಿವೇ ಇವನ ವಿಚಾರಗಳು. ಇವನಿಗೆ ಈಗ ಆಡಿಯೋಫೈಲ್ ಎಂಬ ಹೆಸರು ರೂಢವಾಗಿರುವದು. ಈ ಪರೀಕ್ಷೆಯು ರಸಾಸ್ವಾದಕ್ಕೆ ಸಾಧಕವೋ ಬಾಧಕವೋ ಎಂಬುದು ಪ್ರಕೃತ ವಿಷಯವು.

ಪರೀಕ್ಷೆಯೇ ಸಲ್ಲದೆಂಬ ಮಾತು ಶಾಸ್ತ್ರಸಮ್ಮತವಲ್ಲ. ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ 13ನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದ ಮೂರನೆಯದಾದ ಪ್ರಕೀರ್ಣಕಾಧ್ಯಾಯದಲ್ಲಿ ಕಂಠಧ್ವನಿಯನ್ನು ಖಾಹುಲ, ನಾರಾಟ, ಬೊಂಬಕ, ಮಿಶ್ರಕವೆಂದು ನಾಲ್ಕಾಗಿ ವಿಂಗಡಿಸಿ, ಗಾಯಕರ 25 ದೋಷಗಳನ್ನು ಎಣಿಸಿರುವನು. ಆದರೆ ಹಲ್ಲು ಕಚ್ಚಿ ಹಾಡುವ ಸಂದಷ್ಟ, ಅಂಜಿ ಹಾಡುವ ಭೀತ ಇವರ ಪಂಕ್ತಿಯಲ್ಲಿಯೇ ‘ವಿರಸ’ನನ್ನೂ ಅವನು ಕೂಡಿಸಿರುವನೆಂಬುದನ್ನು ಲಕ್ಷಿಸಬೇಕು. ಈ ದೋಷವನ್ನು ಅಳೆಯುವ ಯಂತ್ರವಿಲ್ಲ. ಸಹೃದಯನ ಮನಸ್ಸೊಂದೇ ಅದಕ್ಕೆ ಪ್ರಮಾಣ.

ಹಾಗಾದರೆ ಬಾಧೆಯು ಎಲ್ಲಿಂದ ಹುಟ್ಟುವದು? ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳಿರುವನು. ಅವುಗಳಲ್ಲಿ ಅಪ್ರಧಾನತೆಯೊಂದು, ತನ್ನ ಸುಖದುಃಖಗಳಿಗೆ ವಶನಾಗಿರುವದು ಇನ್ನೊಂದು. ಉಪಕರಣವೇ ಪ್ರಧಾನವಾಗಿ ಗಾನವು ಅದಕ್ಕೆ ನಿಮಿತ್ತಮಾತ್ರವಾದಾಗ ಮೊದಲನೆಯ ವಿಘ್ನವು ಒದಗುವದು. ಬೆಲೆಬಾಳುವ ಯಂತ್ರವು ತನ್ನದೆಂಬ ಹೆಮ್ಮೆಯು ಸೇರಿದರೆ ಎರಡನೆಯದೂ ಜೊತೆಗೂಡುವದು.

‘ಧ್ವನಿಯೇ ಕೆಟ್ಟಿರಲು ರಸವೆಲ್ಲಿ?’ ಎಂಬುದು ಪೂರ್ವಪಕ್ಷವು. ಇದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತರವುಂಟು. ಗದಗಿನ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯನ್ನು ಗ್ರಾಮೋಫೋನ್ ತಟ್ಟೆಯಿಂದ ಕೇಳಿ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆಬಿಟ್ಟರು. ನಿಮಿಷಕ್ಕೆ 78 ಸುತ್ತು ತಿರುಗಿ, ಸುಮಾರು ಮೂರೇ ನಿಮಿಷಕ್ಕೆ ಮುಗಿಯುವ ಆ ಅರಗಿನ ತಟ್ಟೆಯ ಕರಕರ ಸದ್ದು ಇಂದಿನ ಪರೀಕ್ಷಕನಿಗೆ ಸಹಿಸದು. ಆ ಬಾಲಕನಿಗೋ ಅದು ಅಡ್ಡಬರಲಿಲ್ಲ.

ಇಷ್ಟರಿಂದ ಸದ್ದೆಲ್ಲವೂ ಕ್ಷಮ್ಯವೆಂದಾಗದು. ಇಲ್ಲಿ ಆನಂದವರ್ಧನನ ವಿವೇಕವು ನಮಗೆ ಬೇಕು. ಶ್ರುತಿದುಷ್ಟಾದಿಗಳು ಅನಿತ್ಯದೋಷಗಳೆಂದೂ, ಶೃಂಗಾರದಲ್ಲಿ ತ್ಯಾಜ್ಯವಾದ ಪರುಷವರ್ಣವು ರೌದ್ರದಲ್ಲಿ ದೋಷವಲ್ಲವೆಂದೂ ಧ್ವನ್ಯಾಲೋಕದ ಮತವು. ಯಾವುದು ದೋಷವೆಂಬುದನ್ನು ರಸವೇ ನಿರ್ಣಯಿಸತಕ್ಕದ್ದು.

ಈ ಸೂತ್ರವನ್ನು ಕಾರವಾರ, ಅಂಕೋಲೆಗಳ ಹಾಲಕ್ಕಿ ಒಕ್ಕಲಿಗರ ಹಾಡುಗಳಿಗೆ ಅನ್ವಯಿಸಿ ನೋಡೋಣ. ಸುಗ್ಗಿಯ ಕುಣಿತದ ಮುದ್ರಣದಲ್ಲಿ ಗುಮಟೆಯ ಮಣ್ಣಿನ ಒಡಲಿನ ಮೊಳಗು, ಕಾಲಗೆಜ್ಜೆ, ಅಂಗಳದ ಕೂಗುಗಳೆಲ್ಲವೂ ಕೂಡಿಬರುವವು. ಹೆಂಗಸರು ಕೂಡಿ ಹಾಡುವಾಗ ದನಿಯ ಮೇಲೆ ದನಿ ಬೀಳುವದು. ಯಂತ್ರಪರೀಕ್ಷಕನು ಇವನ್ನು ಕಲ್ಮಷವೆಂದು ಸೋಸುವನು. ಆದರೆ ಈ ಹಾಡು ಅಂಗಳದ್ದು, ಕೂಟದ್ದು. ಅಂಗಳವನ್ನು ಸೋಸಿ ತೆಗೆದ ಬಳಿಕ ಉಳಿಯುವದು ಧಾಟಿ ಮಾತ್ರ. ಇದಕ್ಕೆ ಪ್ರತಿಯಾಗಿ, ಗಾಳಿಯ ಹೊಡೆತದಿಂದಲೋ ಯಂತ್ರದ ದೂರದಿಂದಲೋ ಹಾಡಿನ ನುಡಿಯು ಕೇಳಿಸದೆ ಹೋದರೆ ಅದು ಎಂದಿಗೂ ದೋಷವೇ. ಏಕೆಂದರೆ ಕಥೆಯೂ ಭಾವವೂ ನುಡಿಯನ್ನೇ ಆಶ್ರಯಿಸಿರುವವು.

ಈ ವಿವೇಕವು ಬರಿಯ ವಾದಕ್ಕಾಗಿ ಅಲ್ಲ. ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಸಂಖ್ಯ ಹಾಡುಗಳನ್ನು ಕಂಠದಲ್ಲಿಯೇ ಕಾಪಾಡಿಕೊಂಡು ಬಂದು, 2017ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದು, 2025ರಲ್ಲಿ ತೀರಿಕೊಂಡರು. ಇನ್ನು ಆ ಕಂಠವನ್ನು ಕೇಳಬೇಕಾದವರಿಗೆ ಮುದ್ರಣವೇ ಗತಿ. ಸೋಸಿದ ಪ್ರತಿಯೊಂದನ್ನೇ ಉಳಿಸಿ ಮೂಲವನ್ನು ಕಳೆದರೆ, ಮುಂದಿನ ವಿದ್ವಾಂಸನು ನಮ್ಮ ಕಿವಿಯ ಅಭಿರುಚಿಯನ್ನೇ ಹಾಲಕ್ಕಿಯ ಗಾನವೆಂದು ಓದಿಯಾನು. ತಾಳೆಗರಿಯ ಪಾಠವನ್ನು ತಿದ್ದಿದ ಸಂಪಾದಕನು ಮೂಲದ ಗರಿಯನ್ನು ಸುಡುವನೇ?

ಆದಕಾರಣ ಮುದ್ರಿಸುವ ಹೊತ್ತಿನಲ್ಲಿ ಪರೀಕ್ಷಕನ ಕಿವಿಯು ಮುಂದಿರಲಿ. ಕೇಳುವ ಹೊತ್ತಿನಲ್ಲಿ ಸಹೃದಯನ ಕಿವಿಯು ಮುಂದಿರಲಿ. ಇವುಗಳ ಕಾಲಭೇದವನ್ನು ಮರೆತು, ಹಾಡು ನಡೆದಿರುವಾಗಲೇ ತಕ್ಕಡಿಯನ್ನೆತ್ತುವವನು ತೂಕವನ್ನು ಸರಿಯಾಗಿಯೇ ಹೇಳಬಹುದು; ರುಚಿಯನ್ನು ಮಾತ್ರ ಹೇಳಲಾರನು. ಶಾಲೆಗಳಲ್ಲಿ ಈ ಹಾಡುಗಳನ್ನು ಕೇಳಿಸುವ ಉಪಾಧ್ಯಾಯರು ಮೊದಲ ಸಲ ಏನನ್ನೂ ವಿವರಿಸದೆ ಕೇಳಿಸಿ, ಗುಣದೋಷಗಳ ಚರ್ಚೆಯನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳುವದು ಯುಕ್ತವು.