ನಕ್ಷೆ ಬದಲಾಗುವಾಗ ಕೊಪ್ಪಲನ್ನು ಕೇಳುವವರಾರು?

ಮೈಸೂರಿನಲ್ಲಿ ಕೊಪ್ಪಲು ಎಂದರೆ ಒಂದು ಕಾಲದ ಸಣ್ಣ ಊರು. ಒಂಟಿಕೊಪ್ಪಲು, ಕನ್ನೇಗೌಡನ ಕೊಪ್ಪಲು, ಮಂಚೇಗೌಡನ ಕೊಪ್ಪಲು, ಕುಂಬಾರಕೊಪ್ಪಲು. ಹೊಲಗದ್ದೆಗಳ ನಡುವೆ ಇದ್ದ ಈ ಊರುಗಳನ್ನು ನಗರವೇ ಬಂದು ಸುತ್ತುವರಿಯಿತು. ಮೊದಲು ಸಿಐಟಿಬಿ, 1988ರ ನಂತರ ಮುಡಾ ಕಾಗದದ ಮೇಲೆ ಗೆರೆ ಎಳೆದವು. ಗೆರೆಯೊಳಗೆ ಬಿದ್ದವರಿಗೆ ಸುದ್ದಿ ತಲುಪಿದ್ದು ಎಲ್ಲರಿಗಿಂತ ಕೊನೆಗೆ. ಹೀಗಾಗಿ ಕುಂಬಾರಕೊಪ್ಪಲಿನಂಥ ಊರಿನಲ್ಲಿ ನಿಂತು ನೋಡಿದರೆ ನಕ್ಷೆ ಎಂಬುದು ಇಂಜಿನಿಯರರ ಕಾಗದ ಮಾತ್ರವಲ್ಲ. ಇಲ್ಲಿಂದ ತುಸು ದೂರದಲ್ಲೇ ಇರುವ ಮಾನಸಗಂಗೋತ್ರಿಯ ನಕ್ಷೆ ಬದಲಾಗುವಾಗ ವಿಶ್ವವಿದ್ಯಾನಿಲಯ ಯಾರನ್ನು ಕೇಳುತ್ತದೆ ಎಂಬುದನ್ನು ನಾವು ಸಂಸ್ಕೃತಿಯ ಪ್ರಶ್ನೆಯೆಂದೇ ತಿಳಿಯುತ್ತೇವೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಒಂದೇ ಕಡೆ ಸ್ನಾತಕೋತ್ತರ ವಿಭಾಗಗಳೆಲ್ಲ ಇರಬೇಕೆಂಬ ಕನಸು ಕಂಡವರು 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು. ಮಾನಸಗಂಗೋತ್ರಿ ಎಂಬ ಹೆಸರೂ ಅವರದೇ. ಅವರ ಮನೆ ಉದಯರವಿ ಇದ್ದದ್ದು ಒಂಟಿಕೊಪ್ಪಲಿನಲ್ಲಿ. ಗಂಗೋತ್ರಿ ಎಂದರೆ ನದಿಯ ಮೂಲ. ಮೂಲದಲ್ಲಿ ಹುಟ್ಟಿದ ನೀರು ಊರೂರಿಗೆ ಹರಿಯಬೇಕು ಎಂಬ ಆಸೆ ಆ ಹೆಸರಿನಲ್ಲೇ ಇದೆ. ಈ ವಿಶ್ವವಿದ್ಯಾನಿಲಯ ಒಂದು ಕಾಲಕ್ಕೆ ಹಾಗೆ ಹರಿದದ್ದೂ ಹೌದು. ಪ್ರಚಾರೋಪನ್ಯಾಸಗಳ ಹೆಸರಿನಲ್ಲಿ ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯದ ವಿಷಯಗಳನ್ನು ಕನ್ನಡದಲ್ಲಿ ಹೇಳಿದರು. ಆ ಮಾತುಗಳು ಪುಟ್ಟ ಪುಸ್ತಕಗಳಾಗಿ ಜನರ ಕೈ ಸೇರಿದವು.

ಹೇಳಲು ಹಳ್ಳಿಗೆ ಹೋದ ವಿಶ್ವವಿದ್ಯಾನಿಲಯ ಕೇಳಲು ಮಾತ್ರ ಹೋದಂತಿಲ್ಲ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳು 2000ದ ಕಾಯಿದೆಯಂತೆ ನಡೆಯುತ್ತವೆ. ಆಸ್ತಿ, ಕಟ್ಟಡಗಳ ಮೇಲಿನ ಅಧಿಕಾರ ಸಿಂಡಿಕೇಟಿನದು. ಹಣಕಾಸು ಸಮಿತಿಯಿದೆ, ಯೋಜನೆ ಮತ್ತು ಮೌಲ್ಯಮಾಪನಕ್ಕೆ ಮಂಡಳಿಯೂ ಇದೆ. ಆದರೆ ನೆರೆಯ ಬಡಾವಣೆಯವರ ಆಕ್ಷೇಪಣೆಯನ್ನು ಕರೆದು ಕೇಳುವ ರೂಢಿ ಇಲ್ಲ. ನಗರದ ಯೋಜನಾ ಪ್ರಾಧಿಕಾರ ಮಹಾಯೋಜನೆ ತಯಾರಿಸಿದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಅದನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಕ್ಯಾಂಪಸ್ಸಿನ ಒಳಗಿನ ನಕ್ಷೆಗೆ ಅಂಥ ಶಿಸ್ತು ಇಲ್ಲ. ಒಂದು ಕಟ್ಟಡ ಬರುತ್ತದೆ, ಒಂದು ರಸ್ತೆ ತೆರೆಯುತ್ತದೆ ಅಥವಾ ಮುಚ್ಚುತ್ತದೆ ಎಂಬುದು ಹೊರಗಿನವರಿಗೆ ಗೊತ್ತಾಗುವುದು ಸಾಮಾನ್ಯವಾಗಿ ಗುದ್ದಲಿ ಪೂಜೆಯ ದಿನ. ಆ ವೇಳೆಗೆ ಟೆಂಡರು ಮುಗಿದಿರುತ್ತದೆ, ಅಭಿಪ್ರಾಯಕ್ಕೆ ಬೆಲೆ ಇರುವುದಿಲ್ಲ.

ಕುಕ್ಕರಹಳ್ಳಿ ಕೆರೆಯನ್ನೇ ತೆಗೆದುಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಈ ಕೆರೆ ಇಂದು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಇದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ತುಂಡುತುಂಡಾಯಿತು. ಮಳೆನೀರು ಬರಬೇಕಾದ ಕಡೆಯಿಂದ ಚರಂಡಿ ನೀರು ಬಂತು. ಅಂದರೆ ಕೆರೆಯ ಗತಿ ನಿರ್ಧಾರವಾದದ್ದು ಕೆರೆಯ ದಡದಲ್ಲಲ್ಲ, ದೂರದ ನಕ್ಷೆಗಳಲ್ಲಿ. ಹಾಗೆಯೇ ಕೆರೆಯ ಏರಿಯ ಮೇಲೆ ತೆಗೆದುಕೊಳ್ಳುವ ತೀರ್ಮಾನ ಮುಂಜಾನೆ ನಡೆಯಲು ಬರುವ ಮುದುಕರಿಗೆ, ಬುರ್ಖಾ ತೊಟ್ಟೂ ನಿರಾತಂಕವಾಗಿ ಸುತ್ತು ಹಾಕುವ ನಮ್ಮ ಹೆಣ್ಣುಮಕ್ಕಳಿಗೆ, ಅಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ತಾಗುತ್ತದೆ. ಸಣ್ಣ ಮನೆಯವರಿಗೆ ಇಂಥ ಬಯಲೇ ಅಂಗಳ. ಅದರ ಒಂದು ಗೇಟಿನ ವೇಳೆ ಬದಲಾದರೂ ಅವರ ದಿನಚರಿ ಬದಲಾಗುತ್ತದೆ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ ಏನಾಯಿತು? ಸಾವಿರಕ್ಕೂ ಹೆಚ್ಚು ಎಕರೆಯ ಆ ಆವರಣದ ನಡುವೆ ಸಾರ್ವಜನಿಕ ವಾಹನಗಳು ಹೆದ್ದಾರಿಯಂತೆ ಓಡುತ್ತಿದ್ದವು. 2022ರ ಅಕ್ಟೋಬರಿನಲ್ಲಿ ಬಸ್ಸಿಗೆ ಸಿಕ್ಕ ವಿದ್ಯಾರ್ಥಿನಿಯೊಬ್ಬಳು ಜೀವ ಕಳೆದುಕೊಂಡಳು. ಆಮೇಲೆ ವಿದ್ಯಾರ್ಥಿಗಳು ಬೀದಿಗಿಳಿದಾಗಷ್ಟೇ ರಸ್ತೆಯ ಪ್ರಶ್ನೆ ದೊಡ್ಡ ಸುದ್ದಿಯಾಯಿತು. ಅದಕ್ಕೆ ಕೆಲವೇ ವಾರಗಳ ಮೊದಲು ಅದೇ ಆವರಣದಲ್ಲಿ ಪಾಲಿಕೆ ಕಟ್ಟಲು ಹೊರಟ ಗಣೇಶ ದೇವಾಲಯದ ವಿರುದ್ಧ ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದ್ದರು. ದೇವಾಲಯ ಬೇಡವೆಂಬ ಮಾತು ನಮ್ಮದಲ್ಲ. ಅಲ್ಲಿ ಮಸೀದಿ ಎದ್ದಿದ್ದರೂ ನಮ್ಮ ಪ್ರಶ್ನೆ ಇದೇ: ವಿದ್ಯೆಗೆಂದು ಬಿಟ್ಟ ನೆಲದ ಮೇಲೆ ಯಾವುದು ಏಳಬೇಕೆಂದು ಯಾರು, ಯಾವ ಸಭೆಯಲ್ಲಿ, ಯಾರ ಮಾತು ಕೇಳಿ ತೀರ್ಮಾನಿಸಿದರು? ಹೈದರಾಬಾದಿನ ಕಂಚ ಗಚ್ಚಿಬೌಲಿಯಲ್ಲಿ 400 ಎಕರೆ ತನ್ನದೆಂದು ತೆಲಂಗಾಣ ಸರ್ಕಾರ ಜೆಸಿಬಿಗಳನ್ನು ಇಳಿಸಿತು, ಪಕ್ಕದ ಕೇಂದ್ರೀಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಅಡ್ಡ ನಿಂತರು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಮರ ಕಡಿಯುವುದನ್ನು ತಡೆಯಿತು. ಅಷ್ಟರಲ್ಲಿ ಬಹಳಷ್ಟು ಮರಗಳು ನೆಲಕ್ಕುರುಳಿದ್ದವು.

ಹೊರದೇಶದಲ್ಲಿ ಎಲ್ಲವೂ ಚೆನ್ನ ಎಂದು ನಾವು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಒಂದೊಂದು ಕ್ಯಾಂಪಸ್ಸೂ ದೀರ್ಘಾವಧಿ ಅಭಿವೃದ್ಧಿ ಯೋಜನೆಯ ಕರಡನ್ನು ಪರಿಸರ ವರದಿಯೊಡನೆ ಪ್ರಕಟಿಸುತ್ತದೆ. ಬಂದ ಆಕ್ಷೇಪಣೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟ ಮೇಲೆಯೇ ಆಡಳಿತ ಮಂಡಳಿಯ ಮುಂದೆ ಹೋಗುತ್ತದೆ. ಆದರೆ ಅದೇ ಪರಿಸರ ಕಾನೂನನ್ನು ಹಿಡಿದು ಬರ್ಕ್ಲಿಯ ನೆರೆಹೊರೆಯವರು ಮೊಕದ್ದಮೆ ಹೂಡಿದ್ದರಿಂದ 2022ರಲ್ಲಿ ಸಾವಿರಾರು ಹುಡುಗರ ಪ್ರವೇಶಕ್ಕೇ ಕುತ್ತು ಬಂತು. ಕೊನೆಗೆ ಶಾಸನಸಭೆ ಕಾನೂನನ್ನೇ ತಿದ್ದಬೇಕಾಯಿತು. ಮನೆಮಠ ಇದ್ದವರ ಕೈಯಲ್ಲಿ ಆಕ್ಷೇಪಣೆಯ ಹಕ್ಕು ಇಲ್ಲದವರನ್ನು ತಡೆಯುವ ಬೇಲಿಯೂ ಆಗಬಹುದು. ಹಳ್ಳಿಯಿಂದ ಬಂದ ಹುಡುಗಿಗೆ ಹಾಸ್ಟೆಲು ಬೇಕು, ಪ್ರಯೋಗಾಲಯ ಬೇಕು. ನಮ್ಮ ವಾಯುವಿಹಾರಕ್ಕಾಗಿ ಅವಳ ಕೋಣೆ ನಿಲ್ಲಬಾರದು. ಆದ್ದರಿಂದ ನಾವು ಕೇಳುತ್ತಿರುವುದು ತಡೆಯಾಜ್ಞೆಯ ಅಧಿಕಾರವನ್ನಲ್ಲ, ಉತ್ತರ ಪಡೆಯುವ ಹಕ್ಕನ್ನು.

ಎಲ್ಲರನ್ನೂ ಕೇಳುತ್ತ ಕೂತರೆ ಅನುದಾನದ ಅವಧಿ ಮುಗಿದುಹೋಗುತ್ತದೆ ಎಂಬ ಮಾತಿದೆ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೇ ಸೆಕ್ಷನ್ನು, ಜನರಿಗೆ ತಾಗುವ ತೀರ್ಮಾನಗಳ ವಿಷಯದಲ್ಲಿ ಸಂಬಂಧಿಸಿದ ಸಂಗತಿಗಳನ್ನು ಸಾರ್ವಜನಿಕ ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕು, ಬಾಧಿತರಿಗೆ ಕಾರಣ ತಿಳಿಸಬೇಕು ಎನ್ನುತ್ತದೆ. ಅರ್ಜಿ ಹಾಕಿ ಹತ್ತು ರೂಪಾಯಿ ಕಟ್ಟಿದವನಿಗೆ ಮಾತ್ರ ಸಿಗುವ ಭಿಕ್ಷೆ ಇದಲ್ಲ. ಕರಡು ಹಂತದಲ್ಲಿ ಒಂದು ತಿಂಗಳು ಕಾಯುವುದು, ಆಮೇಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯುವುದಕ್ಕಿಂತ ಅಗ್ಗ.

ಕನ್ನಡದ ಕಚೇರಿಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ಉರ್ದುವಿನ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಇಟ್ಟವನು ಕೇಳಿದಾಗ ಲೆಕ್ಕ ಒಪ್ಪಿಸಲೇಬೇಕು. ವಿಶ್ವವಿದ್ಯಾನಿಲಯದ ನೆಲ ಈ ಎರಡನೆಯ ಅರ್ಥದ್ದು. ಕುಲಪತಿಗಳು, ಸಿಂಡಿಕೇಟಿನವರು ಅದರ ಮುತವಲ್ಲಿಗಳೇ ಹೊರತು ಮಾಲೀಕರಲ್ಲ. ಇದನ್ನು ಹೇಳುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ರಾಜ್ಯದ ವಕ್ಫ್ ಜಮೀನು ದೊಡ್ಡ ಪ್ರಮಾಣದಲ್ಲಿ ಪರರ ಪಾಲಾಗಿದೆ ಎಂದು 2012ರಲ್ಲಿ ಅಲ್ಪಸಂಖ್ಯಾತರ ಆಯೋಗದ ವರದಿ ಆಪಾದಿಸಿತು. ಅದರ ಲೆಕ್ಕದ ಬಗ್ಗೆ ವಾದವಿರಬಹುದು. ಜಮಾಅತ್ತನ್ನು ಕೇಳದೆ ಮಳಿಗೆ ಕಟ್ಟಿಸಿ, ಜುಜುಬಿ ಬಾಡಿಗೆಗೆ ಬಿಡುವ ಚಾಳಿ ನಮ್ಮಲ್ಲಿದೆ ಎಂಬ ಬಗ್ಗೆ ವಾದವಿಲ್ಲ. ಪವಿತ್ರ ಕುರ್‌ಆನಿನಲ್ಲಿ ಶೂರಾ, ಅಂದರೆ ಸಮಾಲೋಚನೆ ಎಂಬ ಹೆಸರಿನ ಅಧ್ಯಾಯವೇ ಇದೆ. ಶೂರಾದ ಬಗ್ಗೆ ಜುಮಾ ದಿನ ಪ್ರವಚನ ಕೇಳಿ, ಸೋಮವಾರ ಒಬ್ಬರೇ ಕುಳಿತು ಕರಾರಿಗೆ ರುಜು ಹಾಕುವವರಿಗೆ ವಿಶ್ವವಿದ್ಯಾನಿಲಯವನ್ನು ಪ್ರಶ್ನಿಸುವ ನೈತಿಕತೆ ಎಲ್ಲಿಂದ ಬರಬೇಕು?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ನಕ್ಷೆಯಲ್ಲಿ ಬದಲಾವಣೆ ತರುವ ಮೊದಲು ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡದ ವಿವರಣೆಯೊಡನೆ ಕ್ಯಾಂಪಸ್ಸಿನ ಗೇಟುಗಳಲ್ಲೂ ಪಡುವಾರಹಳ್ಳಿ, ಕುಂಬಾರಕೊಪ್ಪಲುಗಳಂಥ ನೆರೆಯೂರುಗಳಲ್ಲೂ ಹಾಕಬೇಕು. ಕಡಿಯುವ ಮರಗಳೆಷ್ಟು, ಮುಚ್ಚುವ ದಾರಿ ಯಾವುದು, ಹಣ ಯಾರದು ಎಂಬುದು ಅದರಲ್ಲಿರಬೇಕು. ಕೂಲಿಗೆ ಹೋಗುವವರೂ ಬರಬಹುದಾದ ಭಾನುವಾರವೊಂದರಂದು ಸಭೆ ಕರೆಯಬೇಕು. ಬಂದ ಮಾತುಗಳಿಗೆ ಕೊಟ್ಟ ಉತ್ತರದ ಪ್ರತಿ ಸಿಂಡಿಕೇಟಿನ ಮೇಜಿನ ಮೇಲೆ ಮೊದಲು ಇದ್ದು, ಆಮೇಲೆ ಮತಕ್ಕೆ ಹಾಕಬೇಕು. ಕಾಯಿದೆ ತಿದ್ದುವವರೆಗೆ ಕಾಯಬೇಕಿಲ್ಲ. ಸಿಂಡಿಕೇಟು ಮನಸ್ಸು ಮಾಡಿದರೆ ಮುಂದಿನ ಸಭೆಯಲ್ಲೇ ಇದನ್ನು ನಿಯಮವಾಗಿ ಒಪ್ಪಬಹುದು.