ಎವೆರಿವನ್, ಫುಲ್ ಕಂಟ್ರೋಲ್

ಹಬ್ಬಕ್ಕೆ ಊರಿಗೆ ಹೋದ ಐಟಿ ಹುಡುಗನಿಗೆ ಎರಡು ಕೆಲಸ ಕಾದಿರುತ್ತವೆ. ಒಂದು, ಯಾಕೆ ಇನ್ನೂ ಮದುವೆ ಆಗಿಲ್ಲ ಅಂತ ಹೇಳೋದು. ಎರಡು, ಯಾರದಾದರೂ ಕಂಪ್ಯೂಟರ್ ರಿಪೇರಿ ಮಾಡೋದು. ಎರಡು ವರ್ಷದ ಹಿಂದೆ ದೀಪಾವಳಿಗೆ ತೇರದಾಳಕ್ಕೆ ಹೋದಾಗ ಎರಡನೇ ಕೆಲಸ ಕಾಕಾನ ಅಂಗಡಿಯದಾಗಿತ್ತು.

ರಬಕವಿ, ಬನಹಟ್ಟಿ, ತೇರದಾಳದ ಕಡೆಯ ಮಗ್ಗದ ವ್ಯವಹಾರ ಗೊತ್ತಿಲ್ಲದವರಿಗೆ ಒಂದು ಮಾತು. ಸಾವಕಾರ ನೂಲು ಕೊಡುತ್ತಾನೆ, ನೇಕಾರ ಮನೆಯಲ್ಲೇ ಸೀರೆ ನೇಯ್ದು ತಂದುಕೊಡುತ್ತಾನೆ, ಸೀರೆಗೆ ಇಷ್ಟು ಅಂತ ಮಜೂರಿ. ನಡುವೆ ಮಗಳ ಮದುವೆ, ದವಾಖಾನೆ ಅಂತ ಮುಂಗಡ ತಗೊಂಡಿದ್ದರೆ ಅದು ಬಾಕಿ. ಮಜೂರಿಯಲ್ಲಿ ಸ್ವಲ್ಪ ಸ್ವಲ್ಪ ಮುರಿಯುತ್ತ ಹೋಗಬೇಕು. ನಮ್ಮ ಕಾಕಾ ಅಂಥ ಒಬ್ಬ ಸಣ್ಣ ಸಾವಕಾರ. ಮೊದಲು ಕೆಂಪು ಬಟ್ಟೆಯ ಹೊಟ್ಟಿನ ಖಾತೆ ಪುಸ್ತಕ ಇತ್ತು. ಈಗ ಮೂರು ಕಂಪ್ಯೂಟರ್, ಒಳಗಿನ ಕೋಣೆಯ ಒಂದು ಕಂಪ್ಯೂಟರ್‌ನಲ್ಲಿ ಎಲ್ಲರೂ ಬಳಸುವ ಒಂದು ಶೇರ್ಡ್ ಫೋಲ್ಡರ್, ಅದರೊಳಗೆ ಎಕ್ಸೆಲ್ ಹಾಳೆಗಳು.

"ಏ ತಮ್ಮಾ, ಹೊಸಾ ಡಬ್ಬಿ ತಂದೇವು. ಹಳೇ ಫೈಲ್ ಒಂದೂ ತೆರಿವಲ್ದು ನೋಡೋ" ಅಂದ ಕಾಕಾ.

ನೋಡಿದೆ. ಹಳೇ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಬಿಚ್ಚಿ ಹೊಸದಕ್ಕೆ ಹಾಕಿದ್ದರು. ಫೋಲ್ಡರ್‌ಗಳ ಮಾಲೀಕನ ಹೆಸರಿನ ಜಾಗದಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಸಂಖ್ಯೆ. ವಿಂಡೋಸ್ ಮನುಷ್ಯರನ್ನು ಹೆಸರಿನಿಂದ ಗುರುತಿಸುವುದಿಲ್ಲ, ಈ ಸಂಖ್ಯೆಯಿಂದ ಗುರುತಿಸುತ್ತದೆ. ಹಳೇ ಕಂಪ್ಯೂಟರ್‌ನ ಖಾತೆ ಹೊಸದರಲ್ಲಿ ಇಲ್ಲ. ಹಾಗಾಗಿ ಹೆಸರು ಮಾಯವಾಗಿ ಸಂಖ್ಯೆ ಮಾತ್ರ ಉಳಿದಿತ್ತು. ಸತ್ತವರ ಹೆಸರಲ್ಲೇ ಉಳಿದುಹೋದ ಹೊಲದ ಹಾಗೆ.

ನಾನೇನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಟೇಕ್ ಓನರ್‌ಶಿಪ್ ಒತ್ತಿದೆ. ಆಮೇಲೆ ಸೆಕ್ಯುರಿಟಿ ಟ್ಯಾಬ್‌ಗೆ ಹೋಗಿ ಎವೆರಿವನ್ ಅಂತ ಟೈಪ್ ಮಾಡಿ, ಫುಲ್ ಕಂಟ್ರೋಲ್ ಮುಂದೆ ಟಿಕ್ ಹಾಕಿ, ಓಕೆ ಅಂದೆ. ಐದು ನಿಮಿಷದ ಕೆಲಸ. ಮೂರೂ ಕಂಪ್ಯೂಟರ್‌ನಲ್ಲಿ ಎಲ್ಲ ಫೈಲ್ ತೆರೆದವು. ಚಹಾ ಬಂತು, ಹೊಗಳಿಕೆಯೂ ಬಂತು.

ವಿಮರ್ಶೆ ಅಂದರೆ ಸಿನಿಮಾ, ಕಾದಂಬರಿಗೆ ಮಾತ್ರ ಅಂತ ಯಾಕೆ ಅಂದುಕೊಳ್ಳಬೇಕು? ನಾವು ದಿನಾ ಓದದೇ ಓಕೆ ಒತ್ತುವ ಆ ಪುಟ್ಟ ಕಿಟಕಿಯೂ ಒಂದು ಬರಹವೇ. ಅದನ್ನು ಒಮ್ಮೆ ಓದಬೇಕು.

ಆ ಕಿಟಕಿಯಲ್ಲಿ ಸಾಲಾಗಿ ಬರೆದಿರುತ್ತದೆ: ಫುಲ್ ಕಂಟ್ರೋಲ್, ಮಾಡಿಫೈ, ರೀಡ್, ರೈಟ್. ನೋಡೋಕೆ ಮೆನು ಕಾರ್ಡ್ ಥರ. ಮಾಡಿಫೈಗೂ ಫುಲ್ ಕಂಟ್ರೋಲ್‌ಗೂ ಏನು ವ್ಯತ್ಯಾಸ ಅಂತ ಅದು ಹೇಳುವುದೇ ಇಲ್ಲ. ಮಾಡಿಫೈ ಇದ್ದವನು ಫೈಲ್ ಓದಬಹುದು, ತಿದ್ದಬಹುದು, ಅಳಿಸಲೂಬಹುದು. ಫುಲ್ ಕಂಟ್ರೋಲ್ ಇದ್ದವನು ಇದರ ಮೇಲೆ ಇನ್ನೆರಡು ಮಾಡಬಹುದು: ಯಾರಿಗೆ ಯಾವ ಹಕ್ಕು ಅನ್ನೋದನ್ನೇ ಬದಲಿಸಬಹುದು, ಒಡೆತನವನ್ನೂ ತನ್ನ ಹೆಸರಿಗೆ ಮಾಡಿಕೊಳ್ಳಬಹುದು. ಅಂದರೆ ಹೊಲ ಉಳುವವನ ಕೈಗೆ ನೇಗಿಲಿನ ಜೊತೆ ರಿಜಿಸ್ಟ್ರಾರ್‌ನ ಮೊಹರನ್ನೂ ಕೊಟ್ಟ ಹಾಗೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು, ಕೈಗೆ ಎಲ್ಲಕ್ಕಿಂತ ಸಲೀಸಾಗಿ ಸಿಗುವುದು ಅದೇ.

ಲಿನಕ್ಸ್‌ನವರು ನಗಬೇಡಿ. ನಿಮ್ಮ 777 ಇದರ ತಮ್ಮನೇ. ಓದಲು 4, ಬರೆಯಲು 2, ಚಲಾಯಿಸಲು 1, ಕೂಡಿದರೆ 7. ಮಾಲೀಕನಿಗೂ ಏಳು, ಗುಂಪಿಗೂ ಏಳು, ದಾರಿಹೋಕರಿಗೂ ಏಳು. ಸರ್ವರ್ ಏನಾದರೂ ಹಟ ಹಿಡಿದರೆ ಮೊದಲು ಹೊಡೆಯುವ ಮಂತ್ರ ಅದು. ಅಲ್ಲೂ ಒಂದು ಗುಟ್ಟಿದೆ. ಫೈಲ್ ಅಳಿಸಲು ಆ ಫೈಲ್ ಮೇಲೆ ಹಕ್ಕು ಬೇಕಿಲ್ಲ, ಅದು ಇರುವ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕಿದ್ದರೆ ಸಾಕು. ಫೈಲ್‌ಗೆ ಬೀಗ ಹಾಕಿ ಡೈರೆಕ್ಟರಿಯನ್ನು ತೆರೆದಿಟ್ಟವರು ಪೆಟ್ಟಿಗೆಗೆ ಬೀಗ ಜಡಿದು ಅದನ್ನು ಬೀದಿಯಲ್ಲಿಟ್ಟಂತೆ.

ಮರುವರ್ಷ ಯುಗಾದಿ ಮುಂದೆ ಕಾಕಾನ ಫೋನು. ಒಬ್ಬ ಹಿರಿಯ ನೇಕಾರರ ಬಾಕಿ ಹಾಳೆಯಲ್ಲಿ 18,000 ಅಂತ ಇತ್ತು. ಅವರು ತಮ್ಮ ಸಣ್ಣ ಪುಸ್ತಕ ತಂದಿದ್ದರು, ವಾರವಾರದ ಲೆಕ್ಕ ಬರೆದಿಟ್ಟದ್ದು. "ಸಾವಕಾರ್ರ, ನನ್ನ ಪುಸ್ತಕದಾಗ ಎಂಟು ಸಾವಿರ ಐತ್ರಿ" ಅಂದರಂತೆ. ಒಂದು ಅಂಕಿ ಹೆಚ್ಚಾಗಿತ್ತು, ಅಷ್ಟೇ. ಆದರೆ ಆ ಒಂದು ಅಂಕಿ ತೀರಿಸಲು ಅವರು ಎಷ್ಟು ತಿಂಗಳು ಮಗ್ಗದ ಮುಂದೆ ಕೂರಬೇಕಿತ್ತು, ಲೆಕ್ಕ ಹಾಕಿ.

ಯಾರು ಬರೆದರು? ಗುಮಾಸ್ತ ನಾನಲ್ಲ ಅಂದ. ಲೆಕ್ಕದ ಹುಡುಗಿ ನಾನಲ್ಲ ಅಂದಳು. ಕಾಕಾನ ಮಗನೂ ಅಲ್ಲ ಅಂದ. ಮೂವರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಕೈ ಜಾರಿ ಒತ್ತಿದ್ದೂ ಇರಬಹುದು. ನಾನು ಬೆಂಗಳೂರಿಂದಲೇ ರಿಮೋಟ್‌ನಲ್ಲಿ ಹೊಕ್ಕು ಹುಡುಕಿದೆ. ಮೂರೂ ಕಂಪ್ಯೂಟರ್‌ಗೆ ಒಂದೇ ಯೂಸರ್ ನೇಮ್, ಒಂದೇ ಪಾಸ್‌ವರ್ಡ್. ಕಂಪ್ಯೂಟರ್ ಲೆಕ್ಕದಲ್ಲಿ ಆ ಮೂವರೂ ಒಬ್ಬರೇ. ಫೈಲನ್ನು ಯಾರು ಮುಟ್ಟಿದರು ಅಂತ ಬರೆದಿಡುವ ಆಡಿಟಿಂಗ್ ಅನ್ನು ಮೊದಲೇ ಆನ್ ಮಾಡಿರಬೇಕು. ಮಾಡಿರಲಿಲ್ಲ. ಮಾಡಬೇಕಾದವನು ಚಹಾ ಕುಡಿದು ಬಸ್ ಹತ್ತಿದ್ದ.

"ಎಲ್ಲಾರಿಗೂ ಎಲ್ಲಾ ಕೊಟ್ಟಿ ಅಂದ್ರ, ಇನ್ನ ಕೇಳೂದು ಯಾರನ್ನ?" ಅಂದ ಕಾಕಾ. ಸಿಟ್ಟಿನಿಂದ ಅಲ್ಲ, ಅರ್ಥವಾಗದೆ ಕೇಳಿದ.

ನನಗೆ ಗೊತ್ತಿರುವ ಯಾವ ಸೆಕ್ಯುರಿಟಿ ಟ್ರೇನಿಂಗ್‌ನಲ್ಲೂ ಇಷ್ಟು ನೆಟ್ಟಗೆ ಹೇಳಿದ್ದಿಲ್ಲ. ಹಕ್ಕು ಹಂಚುವುದು ಕಳ್ಳರನ್ನು ಹೊರಗಿಡಲಿಕ್ಕೆ ಅಂತ ನಾವು ಅಂದುಕೊಂಡಿದ್ದೇವೆ. ಅದಕ್ಕಿಂತ ಮೊದಲು ಅದು ಕೇಳಿದಾಗ ಉತ್ತರ ಹೇಳುವವರು ಒಬ್ಬರು ಇರಲಿ ಅನ್ನುವುದಕ್ಕೆ.

ಇದು ನಮ್ಮ ಊರಿನವರಿಗೆ ಹೊಸದೂ ಅಲ್ಲ. ತೇರದಾಳದ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಒಂದು ಶಾಸನದಿಂದ. 1123ರಲ್ಲಿ ಇಲ್ಲಿನ ಮಾಂಡಲಿಕ ಗೊಂಕ ನೇಮಿನಾಥ ಬಸದಿ ಕಟ್ಟಿಸಿ ದಾನ ಬಿಟ್ಟದ್ದನ್ನು ಹೇಳುವ ಶಾಸನ ಅದು. ನಂತರದ 1182, 1187ರ ದಾನಗಳೂ ಅದರಲ್ಲೇ ಸೇರಿವೆ. ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಬರೆಸಿದರು. ದಾನಶಾಸನಗಳ ರೂಢಿಯನ್ನು ಗಮನಿಸಿ: ಕೊಟ್ಟವರು ಯಾರು, ಯಾವ ಕೆಲಸಕ್ಕೆ, ಗಡಿ ಎಲ್ಲಿಂದೆಲ್ಲಿಗೆ, ನೋಡಿಕೊಳ್ಳುವವರು ಯಾರು, ಕೊನೆಗೆ ಅಳಿದವನಿಗೆ ಶಾಪ. ಭೂಮಿ ಬಸದಿಗೆ ಸೇರಿದ್ದು, ಆಚಾರ್ಯರಿಗಲ್ಲ. ಆಚಾರ್ಯರು ಬದಲಾದರೂ ಅದು ಅವರ ಹಿಂದೆ ಹೋಗುವುದಿಲ್ಲ.

ನಮ್ಮ ಆಫೀಸುಗಳಲ್ಲಿ ಇದು ಉಲ್ಟಾ. ಫೈಲ್ ಸೃಷ್ಟಿಸಿದವನೇ ಅದರ ಮಾಲೀಕ. ಗೂಗಲ್ ಡ್ರೈವ್‌ನ ಮೈ ಡ್ರೈವ್‌ನಲ್ಲೂ ಅಷ್ಟೇ, ನಿಮ್ಮ ಟೀಮಿನ ಶೀಟ್ ರಾಜೀನಾಮೆ ಕೊಟ್ಟು ಹೋದವರ ಹೆಸರಲ್ಲೇ ಇರುತ್ತದೆ. ಶೇರ್ಡ್ ಡ್ರೈವ್‌ನಲ್ಲಿ ಇಟ್ಟರೆ ಮಾತ್ರ ಅದು ಸಂಸ್ಥೆಯದ್ದು. ಈ ಒಂದು ವ್ಯತ್ಯಾಸ ತಿಳಿಯದೆ ಎಷ್ಟು ನೋಟಿಸ್ ಪೀರಿಯಡ್‌ಗಳ ಕೊನೆಯ ದಿನ ಹಾಳಾಗಿದೆಯೋ.

ಹಾಗಂತ ಎಲ್ಲಕ್ಕೂ ಬೀಗ ಹಾಕಿ ಅಂತ ಹೇಳುತ್ತಿಲ್ಲ. ಅದೂ ನೋಡಿದ್ದೇನೆ. ಬೀಗ ಬಿಗಿಯಾದ ಕಡೆ ಜನ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳುತ್ತಾರೆ, ಪೆನ್ ಡ್ರೈವ್‌ನಲ್ಲಿ ಒಯ್ಯುತ್ತಾರೆ. 'ಫೈನಲ್', 'ಫೈನಲ್ ಟು', 'ಫೈನಲ್ ಹೊಸದು' ಅಂತ ಮರಿ ಹಾಕುತ್ತವೆ. ನೋಡುವ ಹಕ್ಕಿನಲ್ಲಿ ಉದಾರಿಯಾಗಿರಿ, ತಿದ್ದುವ ಹಕ್ಕಿನಲ್ಲಿ ಜಿಪುಣರಾಗಿರಿ.

ಊರಿಗೆ ಹೋಗಿ ಎರಡು ದಿನ ಕೂತೆ. ಕಾಕಾಗೆ ತಿಳಿಸಲು ಕಷ್ಟವಾಗಲಿಲ್ಲ, ಹೊಲದ ಉತಾರ ಇತ್ತಲ್ಲ. "ಕಾಕಾ, ಉತಾರದಾಗ ಒಂಬತ್ತನೇ ಕಲಂದಾಗ ಮಾಲಕನ ಹೆಸರು, ಹನ್ನೆರಡನೇದಾಗ ಸಾಗುವಳಿ ಮಾಡಾಂವಂದು. ಎರಡೂ ಬ್ಯಾರೆ ಹೌದಲ್ಲೋ?" ಅಂದೆ. "ಹೌದಪ್ಪಾ, ಅಷ್ಟೂ ತಿಳೀತದ ನನಗ" ಅಂದ.

ಮೂವರಿಗೂ ಬೇರೆ ಬೇರೆ ಖಾತೆ, ಬೇರೆ ಪಾಸ್‌ವರ್ಡ್. ಹಕ್ಕನ್ನು ಹೆಸರಿಗೆ ಕೊಡದೆ ಕೆಲಸಕ್ಕೆ ಕೊಟ್ಟೆ: 'ಲೆಕ್ಕ' ಅಂತ ಒಂದು ಗುಂಪು, ಅದಕ್ಕೆ ಮಾಡಿಫೈ, 'ನೋಡುವವರು' ಅಂತ ಇನ್ನೊಂದು, ಅದಕ್ಕೆ ರೀಡ್ ಮಾತ್ರ. ನಾಳೆ ಗುಮಾಸ್ತ ಕೆಲಸ ಬಿಟ್ಟರೆ ಗುಂಪಿನಿಂದ ಅವನ ಹೆಸರು ತೆಗೆದರೆ ಮುಗಿಯಿತು, ಸಾವಿರ ಫೈಲ್ ತಡಕಾಡಬೇಕಿಲ್ಲ. ಫುಲ್ ಕಂಟ್ರೋಲ್ ಒಂದೇ ಖಾತೆಗೆ, ಆ ಖಾತೆಯಲ್ಲಿ ದಿನದ ಕೆಲಸ ಮಾಡುವಂತಿಲ್ಲ. ಶೇರ್ ಮಾಡುವಾಗ ಕೊಡುವ ಅನುಮತಿ, ಫೋಲ್ಡರ್‌ನ ಅನುಮತಿ, ಎರಡರಲ್ಲಿ ಯಾವುದು ಬಿಗಿಯೋ ನೆಟ್‌ವರ್ಕ್‌ನಿಂದ ಬಂದವರಿಗೆ ಅದೇ ನಡೆಯುತ್ತದೆ, ಎರಡನ್ನೂ ನೋಡಿದೆ. ತಿಂಗಳು ಮುಗಿದ ಹಾಳೆಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ ಎಲ್ಲರಿಗೂ ರೀಡ್ ಮಾತ್ರ ಮಾಡಿದೆ. ಇಲ್ಲಿ ಮೂವ್ ಮಾಡಬೇಡಿ, ಕಾಪಿ ಮಾಡಿ ಆಮೇಲೆ ಹಳೆಯದನ್ನು ಅಳಿಸಿ. ಒಂದೇ ಡ್ರೈವ್‌ನೊಳಗೆ ಮೂವ್ ಆದ ಫೈಲ್ ತನ್ನ ಹಳೇ ಹಕ್ಕುಗಳನ್ನು ಕಟ್ಟಿಕೊಂಡೇ ಬರುತ್ತದೆ. ತಪ್ಪು ಕಂಡರೆ ಹಳೇ ಸಾಲು ತಿದ್ದುವಂತಿಲ್ಲ, ಈ ತಿಂಗಳ ಹಾಳೆಯಲ್ಲಿ ಹೊಸ ಸಾಲು ಬರೆಯಬೇಕು. ಆಡಿಟಿಂಗ್ ಆನ್ ಮಾಡಿದೆ. ವಾರಕ್ಕೊಮ್ಮೆ ಬ್ಯಾಕಪ್ಪು, ಅದಾದ ಮೇಲೆ ಆ ಡಿಸ್ಕನ್ನು ಬಿಚ್ಚಿ ತಿಜೋರಿಯಲ್ಲಿಡಬೇಕು.

ಇದೆಲ್ಲ ಮುಗಿದ ಮೇಲೆ ಕಾಕಾ ತಾನಾಗಿ ಒಂದು ಸೇರಿಸಿದ. ತಿಂಗಳ ಕೊನೆಗೆ ಪ್ರತಿ ನೇಕಾರರ ಲೆಕ್ಕದ ಹಾಳೆ ಪ್ರಿಂಟ್ ತೆಗೆದು ಅವರ ಕೈಗೇ ಕೊಡೋದು. ಅವತ್ತು ಎಂಟು ಸಾವಿರದ ಮಾತು ನಿಂತದ್ದು ನಮ್ಮ ಕಂಪ್ಯೂಟರ್‌ನಿಂದ ಅಲ್ಲ, ಆ ಹಿರಿಯರ ಸಣ್ಣ ಪುಸ್ತಕದಿಂದ. ಪುಸ್ತಕ ಬರೆದಿಡದ ನೇಕಾರರೇ ಜಾಸ್ತಿ. ಅವರ ದುಡಿಮೆಯ ಫೈಲಿಗೆ ನಾನು ಊರಿಗೆಲ್ಲ ಫುಲ್ ಕಂಟ್ರೋಲ್ ಕೊಟ್ಟಿದ್ದೆ. ಅವರಿಗೆ ಮಾತ್ರ ರೀಡ್ ಕೂಡ ಕೊಟ್ಟಿರಲಿಲ್ಲ.